ಮಿಕ್ಸಿಯಲ್ಲಿ ಗ್ರಾಫೀನ್ ಮಾಡೋಕೆ ಆಗುತ್ತಾ?

ಪ್ರಶ್ನೆ: ಗ್ರಾಫೈಟ್ ಪುಡಿ, ನೀರು, ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಮಿಕ್ಸಿ ತಿರುಗಿಸಿದರೆ ಗ್ರಾಫೀನ್ ಸಿಗುತ್ತಂತೆ, ನಿಜಾನಾ? ಬ್ಯಾಟರಿಯೊಳಗಿನ ಇಂಗಾಲದ ಕಡ್ಡಿಯನ್ನು ಸಮುದ್ರದ ನೀರಲ್ಲಿಟ್ಟು ಕರೆಂಟ್ ಹಾಯಿಸಿದರೂ ಆಗುತ್ತಾ?
– ಪಿಯುಸಿ ವಿದ್ಯಾರ್ಥಿ, ಕಾರವಾರ

ಉತ್ತರ: ಮಿಕ್ಸಿಯ ಮಾತು ನಿಜ. 2014ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್‌ಮನ್ ತಂಡ ಇದನ್ನು ಮಾಡಿ ತೋರಿಸಿತ್ತು.

ಗ್ರಾಫೈಟ್ ಅಂದರೆ ಇಂಗಾಲದ ಹಾಳೆಗಳ ಕಟ್ಟು, ಅದರ ಒಂಟಿ ಹಾಳೆಯೇ ಗ್ರಾಫೀನ್. ಒಂದು ಮಿಲಿಮೀಟರ್ ದಪ್ಪದಲ್ಲಿ ಸುಮಾರು 30 ಲಕ್ಷ ಹಾಳೆ! ಒಂದೊಂದು ಹಾಳೆಯೂ ತುಂಬಾ ಗಟ್ಟಿ, ಹಾಳೆಗಳ ನಡುವಿನ ಹಿಡಿತ ಮಾತ್ರ ಸಡಿಲ. 2004ರಲ್ಲಿ ಮ್ಯಾಂಚೆಸ್ಟರ್‌ನ ವಿಜ್ಞಾನಿಗಳಾದ ಗೈಮ್ ಮತ್ತು ನೊವೊಸೆಲೊವ್ ಬರೀ ಅಂಟು ಟೇಪಿನಿಂದ ಒಂಟಿ ಪದರ ಬಿಡಿಸಿದ್ದು ಇದೇ ಕಾರಣಕ್ಕೆ.

ಮಿಕ್ಸಿಯಲ್ಲಿ ಬ್ಲೇಡಿನ ಪಕ್ಕದ ನೀರು ಜೋರಾಗಿ, ಸ್ವಲ್ಪ ಆಚೆಯದು ನಿಧಾನವಾಗಿ ಓಡುತ್ತದೆ. ಮಧ್ಯೆ ಸಿಕ್ಕ ಗ್ರಾಫೈಟ್ ಚೂರಿನ ಪದರಗಳು ಜಾರಿ ಬಿಡುತ್ತವೆ. ನಿಜವಾದ ಕಷ್ಟ ಆಮೇಲೆ. ಬಿಟ್ಟ ಪದರಗಳು ಮಳೆಗಾಲದಲ್ಲಿ ತೇವ ತಾಗಿದ ಶಿರಸಿಯ ತೊಡೆದೇವಿನ ಹಾಗೆ ಮತ್ತೆ ಅಂಟಿಕೊಳ್ಳುತ್ತವೆ. ಸೋಪಿನ ಲಿಕ್ವಿಡ್‌ನ ಕೆಲಸ ಇಲ್ಲೇ. ಅದರ ಅಣುಗಳು ಹಾಳೆಯ ಮೇಲೆ ಕೂತು ಪಕ್ಕದ ಹಾಳೆಯನ್ನು ದೂರ ಇಡುತ್ತವೆ. ಆ ಕಪ್ಪು ನೀರನ್ನು ಅಲುಗಾಡಿಸದೆ ಇಟ್ಟರೆ ದಪ್ಪ ಚೂರುಗಳು ತಳ ಸೇರುತ್ತವೆ. ಮೇಲಿನ ನೀರಿನಲ್ಲಿ ಉಳಿಯೋದು ಹೆಚ್ಚಾಗಿ ಕೆಲವು ಪದರಗಳ ಚೂರು, ಒಂಟಿ ಪದರ ಕಮ್ಮಿ. ಹಾಕಿದ ಗ್ರಾಫೈಟಿನ ಬಹುಪಾಲು ತಳದಲ್ಲೇ ಇರುತ್ತದೆ. ಪೆನ್ಸಿಲ್ ಕಡ್ಡಿ ಪುಡಿ ಮಾಡಿ ಹಾಕಬೇಡಿ, ಅದರಲ್ಲಿ ಜೇಡಿಮಣ್ಣಿರುತ್ತದೆ. ಅಡುಗೆಯ ಮಿಕ್ಸಿಯೂ ಬೇಡ.

ಸಮುದ್ರದ ನೀರಿನ ಪ್ರಯೋಗ ಖಂಡಿತ ಬೇಡ. ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಕ್ಲೋರಿನ್ ಅನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ದೊಡ್ಡ ಅಪಾಯ. ಮೇಲಾಗಿ ಬ್ಯಾಟರಿ ಕಡ್ಡಿ ಪುಡಿ ಒತ್ತಿ ಮಾಡಿದ್ದು, ಸುಮ್ನೆ ಉದುರುತ್ತದೆ.

ಕರೆಂಟಿನಿಂದ ಪದರ ಬಿಡಿಸೋಕೆ ಲ್ಯಾಬ್‌ಗಳಲ್ಲಿ ಬಳಸೋದು ಗ್ರಾಫೈಟ್ ಫಾಯಿಲ್ (ಗ್ರಾಫೈಟಿನ ತೆಳು ತಗಡು) ಮತ್ತು ನೀರಲ್ಲಿ ಕರಗಿಸಿದ ಅಮೋನಿಯಂ ಸಲ್ಫೇಟ್. ಗದ್ದೆಗೆ ಹಾಕುವ ಗೊಬ್ಬರ ಅದೇ ಅಲ್ವಾ? 10 ವೋಲ್ಟ್ ಕೊಟ್ಟರೆ ಸಲ್ಫೇಟ್ ಅಯಾನುಗಳು ನೀರಿನ ಜೊತೆ ಪದರಗಳ ನಡುವೆ ನುಗ್ಗುತ್ತವೆ, ಅಲ್ಲೇ ಅನಿಲ ಹುಟ್ಟಿ ಒಳಗಿಂದ ದೂಡುತ್ತದೆ. ಫಾಯಿಲ್ ಉಬ್ಬಿ, ಕೆಲವೇ ನಿಮಿಷದಲ್ಲಿ ಚೂರು ಚೂರಾಗಿ ಉದುರುತ್ತದೆ. ನನಗೆ ಜಾಸ್ತಿ ಇಷ್ಟವಾಗೋ ವಿಧಾನ ಇದೇ. ಕಾಲೇಜಿನ ಲ್ಯಾಬಿನಲ್ಲಿ, ಕಿಟಕಿ ತೆರೆದು, ಉಪನ್ಯಾಸಕರು ಎದುರಿಗಿದ್ದಾಗ ಮಾಡಿ ನೋಡಿ.

ಆಮ್ಲ ಬಳಸುವ 1958ರ ಹಮ್ಮರ್ಸ್ ವಿಧಾನದ ಹತ್ತಿರ ಮಾತ್ರ ಹೋಗಬೇಡಿ. ಅದರಲ್ಲಿ ಸಿಗೋದು ಗ್ರಾಫೀನ್ ಅಲ್ಲ, ಆಮ್ಲಜನಕ ಸೇರಿದ ಗ್ರಾಫೈಟ್ ಆಕ್ಸೈಡ್. ಗಾಢ ಸಲ್ಫ್ಯೂರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸುವಾಗ ಬಿಸಿ ಏರಿದರೆ ಅದು ಸಿಡಿಯಬಹುದು.