ತೂಕ ಇಳಿಸೋಕೆ ಒಂದು ಔಷಧಿ ಸಾಕಾ, ಎರಡು ಬೇಕಾ?

ಓದುಗರ ಪ್ರಶ್ನೆ: ಬೊಜ್ಜಿಗೆ ಡಾಕ್ಟರ್ ಒಂದೇ ಔಷಧಿ ಬರೆದಿದ್ದಾರೆ. ಜೊತೆಗೆ ಇನ್ನೊಂದು ಸೇರಿಸಿಕೊಂಡರೆ ಬೇಗ ಇಳಿಯುತ್ತೆ ಅಲ್ವಾ?

ಇಳಿಯಬಹುದು. ಆದರೆ ಯಾವ ಎರಡು ಅನ್ನೋದೇ ಇಲ್ಲಿ ಮುಖ್ಯ.

ಹಸಿವು ತಗ್ಗಿಸೋ ಫೆಂಟರ್ಮಿನ್ ಮತ್ತು ಫಿಟ್ಸ್‌ಗೆ ಕೊಡೋ ಟೋಪಿರಾಮೇಟ್ ಜೋಡಿಯನ್ನೇ ನೋಡಿ. ಅಮೆರಿಕದಲ್ಲಿ ಇದಕ್ಕೆ 2012ರಲ್ಲಿ ಒಪ್ಪಿಗೆ ಸಿಕ್ಕಿತು. ಕೆಲವರಿಗೆ ಒಂದೊಂದನ್ನೇ, ಇನ್ನು ಕೆಲವರಿಗೆ ಎರಡನ್ನೂ ಒಟ್ಟಿಗೆ ಕೊಟ್ಟು 28 ವಾರ ನೋಡಿದ ಪರೀಕ್ಷೆಯೊಂದಿದೆ. ಫೆಂಟರ್ಮಿನ್ ಒಂದರಿಂದಲೇ ತೂಕ ಸುಮಾರು 6% ಇಳಿಯಿತು, ಟೋಪಿರಾಮೇಟ್ ಒಂದರಿಂದ 6.4%, ಎರಡೂ ಸೇರಿದಾಗ 9.2%. ಅಂದರೆ 100 ಕೆಜಿ ಇದ್ದವರು 94ರ ಬದಲು 91ಕ್ಕೆ ಬಂದ ಹಾಗೆ. ಆರಕ್ಕೆ ಆರು ಕೂಡಿದರೆ ಹನ್ನೆರಡು ಆಗಬೇಕಿತ್ತಲ್ಲ ಅಂತೀರಾ? ಔಷಧಿಯೇ ಇಲ್ಲದ ಬರೀ ಮಾತ್ರೆ ನುಂಗಿದವರಿಗೂ 1.7% ಇಳಿದಿತ್ತು, ಅದನ್ನು ಮೊದಲು ಪ್ರತಿಯೊಂದರಿಂದಲೂ ಕಳೆಯಬೇಕು. ಕಳೆದು ನೋಡಿದರೂ 9ರ ಹತ್ತಿರ ಬರಬೇಕಾದ ಕಡೆ ಸಿಕ್ಕಿದ್ದು 7.5 ಮಾತ್ರ. ತೂಕ ಇಳಿದಷ್ಟೂ ಮೈ ಸುಮ್ನೆ ಕೂರಲ್ಲ, ಹಸಿವು ಹೆಚ್ಚಿಸುತ್ತೆ, ತಾನು ಸುಡೋ ಕ್ಯಾಲೊರಿ ಕಡಿಮೆ ಮಾಡುತ್ತೆ.

ನನಗೆ ಇದಕ್ಕಿಂತ ಚೆಂದ ಅನಿಸೋದು ನಾಲ್ಟ್ರೆಕ್ಸೋನ್ ಮತ್ತು ಬುಪ್ರೋಪಿಯಾನ್ ಜೋಡಿ. ಮೊದಲನೆಯದು ಕುಡಿತದ ಚಟಕ್ಕೆ ಕೊಡೋದು, ಎರಡನೆಯದು ಖಿನ್ನತೆಗೆ ಮತ್ತು ಸಿಗರೇಟು ಬಿಡಿಸೋಕೆ. ಬುಪ್ರೋಪಿಯಾನ್ ಮಿದುಳಿನಲ್ಲಿ 'ಹೊಟ್ಟೆ ತುಂಬಿತು' ಅನ್ನೋ ನರಕೋಶಗಳನ್ನು ಎಬ್ಬಿಸುತ್ತೆ. ತಮಾಷೆ ಅಂದರೆ, ಅದೇ ಕೋಶಗಳು ಎಂಡಾರ್ಫಿನ್ ಅನ್ನೋ ರಾಸಾಯನಿಕ ಬಿಟ್ಟು ತಮಗೆ ತಾವೇ ಬ್ರೇಕ್ ಹಾಕಿಕೊಳ್ಳುತ್ತವೆ. ನಾಲ್ಟ್ರೆಕ್ಸೋನ್ ಮಾಡೋದು ಆ ಬ್ರೇಕ್ ತೆಗೆಯೋ ಕೆಲಸ. ಒಂಟಿಯಾಗಿ ಕೊಟ್ಟರೆ ತೂಕದ ವಿಷಯದಲ್ಲಿ ಅದು ಹೆಚ್ಚುಕಡಿಮೆ ದಂಡ. ಜೋಡಿಯಾಗಿ ಕೊಟ್ಟಾಗ 56 ವಾರದಲ್ಲಿ ಸುಮಾರು 6% ಇಳಿಯಿತು.

ಕೈಕೊಟ್ಟ ಜೋಡಿಗಳೂ ಇವೆ. ಹಸಿವು ತಗ್ಗಿಸೋ ಸಿಬುಟ್ರಮಿನ್ ತಗೊಳ್ಳುತ್ತಿದ್ದವರಿಗೆ, ಊಟದ ಕೊಬ್ಬು ಮೈಗೆ ಸೇರದಂತೆ ತಡೆಯೋ ಆರ್ಲಿಸ್ಟಾಟ್ ಸೇರಿಸಿದರೆ ಹೆಚ್ಚಿನ ಲಾಭವೇನೂ ಸಿಗಲಿಲ್ಲ. ಇನ್ನು 1990ರ ದಶಕದಲ್ಲಿ ಫೆಂಟರ್ಮಿನ್ ಜೊತೆ ಫೆನ್‌ಫ್ಲುರಮಿನ್ ಅನ್ನೋ ಇನ್ನೊಂದು ಹಸಿವು ತಗ್ಗಿಸೋ ಔಷಧಿ ಸೇರಿಸಿ ಕೊಡೋದು ಭಾರಿ ಚಾಲ್ತಿಯಲ್ಲಿತ್ತು. ಫೆನ್‌ಫ್ಲುರಮಿನ್‌ನಿಂದ ಹೃದಯದ ಕವಾಟ ಹಾಳಾಗುತ್ತೆ ಅಂತ ಗೊತ್ತಾಗಿ 1997ರಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದರು. ತೂಕ ಇಳಿದಿದ್ದು ನಿಜ, ಆದರೆ ಏನು ಪ್ರಯೋಜನ?

ಈಗಿನ ಚುಚ್ಚುಮದ್ದುಗಳು ಬಂದ ಮೇಲೆ ಈ ಲೆಕ್ಕವೇ ತಲೆಕೆಳಗಾಗಿದೆ. ವಾರಕ್ಕೊಮ್ಮೆಯ ಸೆಮಗ್ಲುಟೈಡ್ ಒಂದೇ, 68 ವಾರದಲ್ಲಿ ಸುಮಾರು 15% ಇಳಿಸಿತು, ಅಂದರೆ ಹಳೆಯ ಮಾತ್ರೆಗಳು ಜೋಡಿಯಾಗಿ ಬಂದರೂ ಮುಟ್ಟದ ಮಟ್ಟ. ಟಿರ್ಜೆಪಟೈಡ್ ಹೆಚ್ಚಿನ ಡೋಸ್‌ನಲ್ಲಿ 72 ವಾರಕ್ಕೆ ಸುಮಾರು 21%. ಇದನ್ನು ಒಂದು ಅನ್ನಬೇಕೋ ಎರಡು ಅನ್ನಬೇಕೋ ಗೊತ್ತಾಗಲ್ಲ, ಯಾಕಂದರೆ ಅಣು ಒಂದೇ ಆದರೂ ಅದು ಎರಡು ಹಾರ್ಮೋನುಗಳ ಕೆಲಸ ಮಾಡುತ್ತೆ. ನಿಜವಾದ ಹೊಸ ಜೋಡಿ ಅಂದರೆ ಸೆಮಗ್ಲುಟೈಡ್‌ಗೆ ಕಾಗ್ರಿಲಿಂಟೈಡ್ ಅನ್ನೋ ಇನ್ನೊಂದು ಚುಚ್ಚುಮದ್ದು ಸೇರಿಸಿದ್ದು. 2025ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಈ ಜೋಡಿಯಿಂದ ಸುಮಾರು 20% ಇಳಿಯಿತು, ಅದೇ ಪರೀಕ್ಷೆಯಲ್ಲಿ ಸೆಮಗ್ಲುಟೈಡ್ ಒಂದರಿಂದ 15%. ಅಂದರೆ ಜೋಡಿ ಗೆದ್ದಿದೆ, ಆದರೆ ಒಂಟಿ ಟಿರ್ಜೆಪಟೈಡ್‌ನ ಆಸುಪಾಸಿಗೇ ಬಂದು ನಿಂತಿದೆ.

ಹಾಗಾಗಿ ಎಷ್ಟು ಔಷಧಿ ಅಂತ ಎಣಿಸೋದು ಬಿಡಿ. ಎರಡಾದರೆ ಅಡ್ಡಪರಿಣಾಮದ ಪಟ್ಟಿಯೂ ಎರಡು. ಟೋಪಿರಾಮೇಟ್ ಇರುವ ಜೋಡಿಯನ್ನು ಗರ್ಭಿಣಿಯರು ಮುಟ್ಟಲೇಬಾರದು, ಮಗುವಿಗೆ ಸೀಳುತುಟಿ ಬರುವ ಅಪಾಯವಿದೆ. ಬುಪ್ರೋಪಿಯಾನ್ ಇರುವುದು ಫಿಟ್ಸ್ ಇರುವವರಿಗಲ್ಲ. ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಮಾತ್ರೆಯನ್ನು ನಿಮ್ಮದರ ಜೊತೆ ಸೇರಿಸೋದಂತೂ ಬೇಡವೇ ಬೇಡ.

ಡಾಕ್ಟರ್ ಹತ್ತಿರ ಒಂದು ಮಾತು ಕೇಳಿ: ಪೂರ್ತಿ ಡೋಸ್ ಮುಟ್ಟಿದ ಮೇಲೆ ಎಷ್ಟು ವಾರ ಕಾಯಬೇಕು? ನಾನು ಹೇಳಿದ ಎರಡೂ ಮಾತ್ರೆ ಜೋಡಿಗಳಿಗೆ ಆ ಗಡುವು 12 ವಾರ. ಅಷ್ಟರಲ್ಲಿ 5% ಕೂಡ ಇಳಿಯದಿದ್ದರೆ ನಿಲ್ಲಿಸಿ ಬೇರೆ ದಾರಿ ನೋಡುತ್ತಾರೆ. ಟೋಪಿರಾಮೇಟ್ ಇರುವುದನ್ನು ಮಾತ್ರ ದಿಢೀರಂತ ಬಿಡಬೇಡಿ, ಡೋಸ್ ನಿಧಾನಕ್ಕೆ ಇಳಿಸಿಯೇ ನಿಲ್ಲಿಸಬೇಕು.