ಪ್ರಶ್ನೆಯಿಂದ ಎರಡು ಪದ ತೆಗೆದಾಗ

2014ರಲ್ಲಿ ಅಮೆರಿಕದ ಶಿಕ್ಷಣ ಪತ್ರಿಕೆ 'ಎಜುಕೇಶನ್ ನೆಕ್ಸ್ಟ್' ತನ್ನ ವಾರ್ಷಿಕ ಸಮೀಕ್ಷೆಯಲ್ಲಿ ಒಂದೇ ಪ್ರಶ್ನೆಯನ್ನು ಎರಡು ಬಗೆಯಲ್ಲಿ ಕೇಳಿತು. ಭಾಷೆ ಮತ್ತು ಗಣಿತದಲ್ಲಿ ಮಕ್ಕಳು ಏನು ಕಲಿತಿರಬೇಕು ಎಂಬುದಕ್ಕೆ ರಾಜ್ಯ ರಾಜ್ಯಗಳ ನಡುವೆ ಒಂದೇ ಮಾನದಂಡ ಇರುವುದನ್ನು ನೀವು ಒಪ್ಪುತ್ತೀರಾ ಎಂಬುದು ಪ್ರಶ್ನೆಯ ತಿರುಳು. ಒಂದು ಗುಂಪಿಗೆ ಕೇಳುವಾಗ 'ಕಾಮನ್ ಕೋರ್' ಎಂದು ಅದರ ಹೆಸರು ಹೇಳಿದರು, ಇನ್ನೊಂದು ಗುಂಪಿಗೆ ಹೇಳಲಿಲ್ಲ. ಯಾರು ಯಾವ ಗುಂಪು ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗಿತ್ತು. ಹೆಸರು ಕೇಳಿದವರಲ್ಲಿ ಶೇ. 53 ಮಂದಿ ಒಪ್ಪಿದರು. ಕೇಳದವರಲ್ಲಿ ಶೇ. 68. ಹೆಸರು ಹೇಳಿದಾಗ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಬೆಂಬಲಿಗರ ನಡುವೆ ಎದ್ದು ಕಾಣುತ್ತಿದ್ದ ಅಂತರ, ಹೆಸರು ಬಿಟ್ಟಾಗ ಹೆಚ್ಚುಕಡಿಮೆ ಇಲ್ಲವೇ ಆಗಿತ್ತು. ನನಗೆ ಅಂಕಿಗಳಿಗಿಂತ ಇದೇ ದೊಡ್ಡ ವಿಷಯ. ಜನ ಜಗಳವಾಡುತ್ತಿದ್ದದ್ದು ಪಾಠದ ಬಗ್ಗೆ ಆಗಿರಲೇ ಇಲ್ಲ.

ಈ ಕಾಮನ್ ಕೋರ್ ಹುಟ್ಟಿದಾಗ ಯಾವ ಪಕ್ಷದ ಕೂಸೂ ಆಗಿರಲಿಲ್ಲ. 2009ರಲ್ಲಿ ರಾಜ್ಯಗಳ ಗವರ್ನರ್‌ಗಳ ಸಂಘ ಮತ್ತು ರಾಜ್ಯ ಶಿಕ್ಷಣ ಮುಖ್ಯಸ್ಥರ ಮಂಡಳಿ ಸೇರಿ ಕೆಲಸ ಶುರು ಮಾಡಿದವು. 2010ರ ಜೂನ್‌ನಲ್ಲಿ ಮಾನದಂಡ ಹೊರಬಂತು. ರಿಪಬ್ಲಿಕನ್ ಗವರ್ನರ್‌ಗಳಿದ್ದ ರಾಜ್ಯಗಳೂ ಸೇರಿ 40ಕ್ಕೂ ಹೆಚ್ಚು ರಾಜ್ಯಗಳು ಒಪ್ಪಿಕೊಂಡವು. ಆದರೆ ಡೆಮಾಕ್ರಟಿಕ್ ಪಕ್ಷದ ಒಬಾಮಾ ಸರ್ಕಾರ 435 ಕೋಟಿ ಡಾಲರ್‌ಗಳ ಸ್ಪರ್ಧಾ ಅನುದಾನವೊಂದನ್ನು ಪ್ರಕಟಿಸಿ, ಇಂಥ ಮಾನದಂಡ ಅಳವಡಿಸಿಕೊಂಡ ರಾಜ್ಯಗಳಿಗೆ ಹೆಚ್ಚು ಅಂಕ ಎಂದಿತು. ಅಲ್ಲಿಂದ ಅದಕ್ಕೆ ಅಧ್ಯಕ್ಷರ ಹೆಸರು ಅಂಟಿಕೊಂಡಿತು. 2013ರಿಂದ 2014ಕ್ಕೆ, ಒಂದೇ ವರ್ಷದಲ್ಲಿ, ರಿಪಬ್ಲಿಕನ್ ಬೆಂಬಲಿಗರ ಒಪ್ಪಿಗೆ ಶೇ. 57ರಿಂದ ಶೇ. 43ಕ್ಕೆ ಇಳಿಯಿತು. ಮಾನದಂಡ ಮಾತ್ರ 2010ರಲ್ಲಿ ಬಂದದ್ದೇ.

2014ರಲ್ಲೇ ಮನೆಪಾಠದ ಒಂದು ಹಾಳೆ ಅಂತರ್ಜಾಲದಲ್ಲಿ ದೇಶವೆಲ್ಲ ಸುತ್ತಿತು. ಜಾಕ್ ಎಂಬ ಹುಡುಗ 427ರಿಂದ 316 ಕಳೆಯಲು ಸಂಖ್ಯಾರೇಖೆ ಬಳಸಿದ್ದಾನೆ, ಅವನ ತಪ್ಪು ಹುಡುಕಿ ಅವನಿಗೊಂದು ಪತ್ರ ಬರೆಯಿರಿ ಎಂಬುದು ಲೆಕ್ಕ. ಜಾಕ್ ನೂರು ನೂರರಂತೆ ಮೂರು ಸಲ ಹಿಂದಕ್ಕೆ ಹಾರಿ 127ಕ್ಕೆ ಬಂದಿದ್ದಾನೆ. ಮುಂದೆ ಒಂದು ಹತ್ತು ಹಾರಬೇಕಿತ್ತು, ಅದನ್ನು ಮರೆತು ನೇರ ಆರು ಬಿಡಿ ಹಾರಿದ್ದಾನೆ. ಉತ್ತರ 111 ಆಗಬೇಕಾದಲ್ಲಿ 121 ಆಗಿದೆ. ಎಂಜಿನಿಯರಿಂಗ್ ಓದಿದ ತಂದೆಯೊಬ್ಬರು ಆ ಹಾಳೆಯ ಮೇಲೆಯೇ ಜಾಕ್‌ಗೆ ಪತ್ರ ಬರೆದರು: ಒಂದರ ಕೆಳಗೊಂದು ಬರೆದು ಕಳೆದರೆ ಕ್ಷಣದಲ್ಲಿ ಮುಗಿಯುವ ಲೆಕ್ಕಕ್ಕೆ ಇಷ್ಟು ಗೋಜಲೇಕೆ? ಅವರ ಕಿರಿಕಿರಿ ನನಗೆ ಪೂರ್ತಿ ಅರ್ಥವಾಗುತ್ತದೆ. ಆದರೆ ಆ ಹಾಳೆ ಕಾಮನ್ ಕೋರ್ ಅಲ್ಲ. ಮಾನದಂಡವೆಂದರೆ ಯಾವ ತರಗತಿಗೆ ಮಗು ಏನು ಬಲ್ಲದು ಎಂಬ ಪಟ್ಟಿ, ಅಷ್ಟೇ. ನಾಲ್ಕನೇ ತರಗತಿಯ ಹೊತ್ತಿಗೆ ಮಗು ರೂಢಿಯ ಕ್ರಮದಲ್ಲೇ ಸರಾಗವಾಗಿ ಕೂಡಿ ಕಳೆಯಬೇಕು ಎಂದು ಆ ಪಟ್ಟಿಯಲ್ಲೇ ಬರೆದಿದೆ. ಆ ತಂದೆ ಕೇಳಿದ್ದು ಅಲ್ಲಿ ಮೊದಲೇ ಇತ್ತು. ಹಾಳೆ ನೋಡಿ ಸಿಟ್ಟಾದ ಲಕ್ಷಾಂತರ ಜನರಲ್ಲಿ ಪಟ್ಟಿ ತೆರೆದು ನೋಡುವ ವ್ಯವಧಾನ ಎಷ್ಟು ಮಂದಿಗಿದ್ದೀತು?

ಜನ ದಡ್ಡರು ಎಂದು ಇದಕ್ಕೆ ಷರಾ ಬರೆಯುವುದು ಸುಲಭ, ಆದರೆ ತಪ್ಪು. ಮನೋವಿಜ್ಞಾನಿ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಬಡವರ ನೆರವಿನ ಎರಡು ಯೋಜನೆ ಇಟ್ಟರು. ಒಂದು ತೀರಾ ಉದಾರ, ಇನ್ನೊಂದು ತೀರಾ ಬಿಗಿ. ಯಾವ ಪಕ್ಷ ಯಾವುದನ್ನು ಬೆಂಬಲಿಸಿದೆ ಎಂಬುದನ್ನು ಅದಲುಬದಲು ಮಾಡಿ ಹೇಳಿದರು. ತಮ್ಮ ಪಕ್ಷ ಒಪ್ಪಿದೆ ಎಂದಾಗ ಉದಾರವಾದಿಗಳು ಬಿಗಿ ಯೋಜನೆಯನ್ನೂ, ಸಂಪ್ರದಾಯವಾದಿಗಳು ಉದಾರ ಯೋಜನೆಯನ್ನೂ ಮೆಚ್ಚಿದರು. ಯಾಕೆ ಎಂದು ಕೇಳಿದರೆ, ಯೋಜನೆಯಲ್ಲಿರುವ ವಿಷಯ ನೋಡಿ ಎಂದರು. ಪಕ್ಷದ ಮಾತಿಗೆ ವಾಲುವವರು ಬೇರೆಯವರು, ಅದರಲ್ಲೂ ಎದುರು ಪಾಳಯದವರು ಎಂದೂ ನಂಬಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಾವೇ ಯೋಚಿಸಿ ಮುಟ್ಟಿದ ತೀರ್ಮಾನ ಇದು ಎಂದು ಮನಸ್ಸು ಒಳಗಿಂದೊಳಗೇ ನಮ್ಮನ್ನು ಒಪ್ಪಿಸಿಬಿಡುತ್ತದೆ. ನೂರಾರು ಪುಟದ ನೀತಿಯನ್ನು ಓದಲು ಪುರುಸೊತ್ತಿಲ್ಲದಾಗ ನಂಬಿಗಸ್ತರ ಮಾತು ಹಿಡಿಯುವುದು ಎಲ್ಲರೂ ಮಾಡುವ ಕೆಲಸವೇ.

ಅದೇ 2014ರ ಸಮೀಕ್ಷೆಯಲ್ಲಿ ಶಿಕ್ಷಕರ ಬೆಂಬಲ ಇನ್ನೂ ಕಡಿದಾಗಿ ಕುಸಿದಿತ್ತು, ಶೇ. 76ರಿಂದ ಶೇ. 46ಕ್ಕೆ. ಇದನ್ನು ಪಕ್ಷದ ಖಾತೆಗೆ ಹಾಕಲು ನನಗೆ ಮನಸ್ಸಿಲ್ಲ. ಹೊಸ ಮಾನದಂಡವನ್ನು ತರಗತಿಗೆ ಇಳಿಸುವ ಹೊಣೆ ಅವರ ತಲೆಯ ಮೇಲೇ ಬಿದ್ದಿತ್ತು, ಪರೀಕ್ಷೆಯ ಅಂಕಕ್ಕೆ ಅವರ ಮೌಲ್ಯಮಾಪನವನ್ನು ಗಂಟುಹಾಕುವ ಒತ್ತಡವೂ ಜೊತೆಗಿತ್ತು. ಕಂಡುಂಡ ವಿರೋಧವೂ ಹೆಸರು ಕೇಳಿ ಹುಟ್ಟಿದ ವಿರೋಧವೂ ಸಮೀಕ್ಷೆಯ ಕೋಷ್ಟಕದಲ್ಲಿ ಒಂದೇ ಥರ ಕಾಣುತ್ತವೆ.

ಎರಡೂ ಪಕ್ಷದವರು ಸೇರಿ ಕಾನೂನು ಮಾಡಿದ ಕಾಲ ತೀರಾ ಹಿಂದಿನದಲ್ಲ. ಮೂರರಿಂದ ಎಂಟನೇ ತರಗತಿವರೆಗೆ ವರ್ಷವರ್ಷವೂ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯ ಮಾಡಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ 2001ರ ಡಿಸೆಂಬರ್‌ನಲ್ಲಿ ಕೆಳಮನೆಯಲ್ಲಿ 381-41, ಸೆನೆಟ್‌ನಲ್ಲಿ 87-10 ಮತಗಳಿಂದ ಪಾಸಾಯಿತು. ರಿಪಬ್ಲಿಕನ್ ಅಧ್ಯಕ್ಷ ಬುಷ್ ಸಹಿ ಹಾಕುವಾಗ ಡೆಮಾಕ್ರಟಿಕ್ ಪಕ್ಷದ ಟೆಡ್ ಕೆನಡಿ ಪಕ್ಕದಲ್ಲಿದ್ದರು.

2020ರ ಬೇಸಿಗೆಯಲ್ಲಿ ವಿಷಯ ಶಾಲೆಯ ಬಾಗಿಲಿಗೇ ಬಂತು. ಕೋವಿಡ್ ನಡುವೆ ಶಾಲೆ ತೆರೆಯಬೇಕೋ ಬೇಡವೋ? ಬ್ರೂಕಿಂಗ್ಸ್ ಸಂಸ್ಥೆಯ ಜಾನ್ ವಲಾಂಟ್ ಜಿಲ್ಲಾವಾರು ನಿರ್ಧಾರಗಳನ್ನು ಒಂದೆಡೆ ಇಟ್ಟು ನೋಡಿದಾಗ, ಆ ಊರಿನ ಸೋಂಕಿನ ಪ್ರಮಾಣಕ್ಕೂ ನಿರ್ಧಾರಕ್ಕೂ ಸಂಬಂಧ ಕಾಣಲಿಲ್ಲ. 2016ರಲ್ಲಿ ಟ್ರಂಪ್ ಪಡೆದ ಮತಕ್ಕೂ ನಿರ್ಧಾರಕ್ಕೂ ಸಂಬಂಧ ಕಂಡಿತು. ಇದನ್ನು ಓದಿದಾಗಿನ ಸಂಕಟ ನನಗೆ ಇಂದಿಗೂ ಹೋಗಿಲ್ಲ. ತೆರೆಯುವುದೋ ಮುಚ್ಚುವುದೋ ಯಾವುದು ಸರಿ ಎಂಬ ಮಾತು ಹಾಗಿರಲಿ, ರೋಗದ ನಕ್ಷೆ ನೋಡಿ ಮಾಡಬೇಕಾದ ಕೆಲಸವನ್ನು ಚುನಾವಣೆಯ ನಕ್ಷೆ ಮಾಡಿತ್ತು.

ಕಣ್ಣಳತೆಯಲ್ಲಿರುವ ಶಾಲೆಯ ಮಾತು ಬಂದರೆ ಜನ ಬೇರೆ ಥರ ಯೋಚಿಸುತ್ತಾರೆ. 2023ರ ಗ್ಯಾಲಪ್ ಸಮೀಕ್ಷೆಯಲ್ಲಿ ದೇಶದ ಶಾಲಾ ಶಿಕ್ಷಣದ ಗುಣಮಟ್ಟ ತೃಪ್ತಿಕರ ಎಂದವರು ಶೇ. 36 ಮಾತ್ರ. ತಮ್ಮ ಮಗುವಿಗೆ ಸಿಗುತ್ತಿರುವ ಶಿಕ್ಷಣ ತೃಪ್ತಿಕರ ಎಂದ ಪೋಷಕರು ಶೇ. 76. ದೇಶದ ಶಾಲೆಗಳು ನಮಗೆ ಸುದ್ದಿಯಾಗಿ ಬರುತ್ತವೆ. ನಮ್ಮ ಮಗುವಿನ ಶಾಲೆ ಸಂಜೆ ಬ್ಯಾಗು ಹೊತ್ತು ಮನೆಗೆ ಬರುತ್ತದೆ.

ಅಮೆರಿಕದ ಸುಮಾರು 13,000 ಶಾಲಾ ಜಿಲ್ಲೆಗಳಲ್ಲಿ ಹೆಚ್ಚಿನವನ್ನು ನಡೆಸುವುದು ಜನ ಆರಿಸಿದ ಮಂಡಳಿಗಳು. ಬಹುತೇಕ ಕಡೆ ಆ ಚುನಾವಣೆಯ ಮತಪತ್ರದಲ್ಲಿ ಪಕ್ಷದ ಹೆಸರಿರುವುದಿಲ್ಲ. ಈ ಕಟ್ಟುಪಾಡು ಈಗ ಸಡಿಲವಾಗುತ್ತಿದೆ. 2021ರಲ್ಲಿ ಟೆನ್ನೆಸಿ ರಾಜ್ಯ ಪಕ್ಷದ ಹೆಸರಿನಲ್ಲಿ ನಿಲ್ಲಲು ದಾರಿ ತೆರೆಯಿತು. ಫ್ಲೋರಿಡಾದಲ್ಲಿ 2024ರ ನವೆಂಬರ್‌ನಲ್ಲಿ ಇದನ್ನೇ ಮತಕ್ಕೆ ಹಾಕಿದರು. ರಾಜ್ಯದ ಸಂವಿಧಾನ ತಿದ್ದಲು ಶೇ. 60 ಬೇಕಿತ್ತು, ಸುಮಾರು ಶೇ. 55 ಬಂತು. ಅಲ್ಲಿ ಶಾಲಾ ಮಂಡಳಿಗೆ ನಿಂತವರನ್ನು ಮತಪತ್ರದಲ್ಲಿ ನೋಡುವವರಿಗೆ ಸದ್ಯಕ್ಕೆ ಕಾಣುವುದು ಆ ವ್ಯಕ್ತಿಯ ಹೆಸರಷ್ಟೇ.