ಹೊಸ ತಳಿ ಬಂದರೆ ಹಳೆಯ ಲಸಿಕೆ ದಂಡವೇ?

ಮೂಡಿಗೆರೆ ಕಡೆಯ ಹಿರಿಯ ಬೆಳೆಗಾರರೊಬ್ಬರು ಮೊನ್ನೆ ಬಿ.ಪಿ. ತೋರಿಸಲು ಬಂದಿದ್ದರು. 'ಡಾಕ್ಟ್ರೇ, ಮೂರು ಡೋಸ್ ಹಾಕಿಸ್ಕೊಂಡೆ. ಆಮೇಲೂ ಕೊರೊನಾ ಬಂತು. ಈಗ ಮತ್ತೆ ಹೊಸ ತಳಿ ಅಂತಾರೆ. ಸುಮ್ನೆ ಚುಚ್ಚಿಸ್ಕೊಂಡ ಹಾಗಾಯ್ತು, ಅಲ್ವಾ?'

'ಗೌಡ್ರೇ, ನಿಮ್ಮ 795 ಕಾಫಿ ಗಿಡಕ್ಕೆ ಎಲೆತುಕ್ಕು ರೋಗ ಬರಲ್ವಾ?'

'ಬರುತ್ತೆ. ಮಳೆಗೆ ಮುಂಚೆ ಬೋರ್ಡೋ ಔಷಧಿ ಹೊಡೀತೀವಿ.'

795 ಎಂದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1940ರ ದಶಕದಲ್ಲಿ ಕೊಟ್ಟ ಕಾಫಿ ತಳಿ. ಮೊದಮೊದಲು ತುಕ್ಕನ್ನು ಚೆನ್ನಾಗಿ ತಡೆಯಿತು. ಆಮೇಲೆ ತುಕ್ಕು ತರುವ ಶಿಲೀಂಧ್ರದಲ್ಲೇ ಹೊಸ ತಳಿಗಳು ಹುಟ್ಟಿದವು. ಕೊರೊನಾದಲ್ಲೂ ಹಾಗೇ ಆಯಿತು. ಕೋವಿಶೀಲ್ಡ್ ನಮ್ಮ ದೇಹಕ್ಕೆ ಪರಿಚಯ ಮಾಡಿಸಿದ್ದು ಮೊದಲ ವೈರಸ್ಸಿನ ಮೈಮೇಲೆ ಮುಳ್ಳಿನಂತಿರುವ ಸ್ಪೈಕ್ ಪ್ರೋಟೀನನ್ನು. 2021ರ ನವೆಂಬರ್‌ನಲ್ಲಿ ಪತ್ತೆಯಾದ ಓಮಿಕ್ರಾನ್ ತಳಿಯ ಸ್ಪೈಕ್‌ನಲ್ಲಿ 30ಕ್ಕೂ ಹೆಚ್ಚು ಬದಲಾವಣೆಗಳಿದ್ದವು. ವೈರಸ್ಸನ್ನು ತಡೆಯಲು ಲಸಿಕೆಯಿಂದ ದೇಹದಲ್ಲಿ ಹುಟ್ಟಿದ್ದ ಹಳೆಯ ಪ್ರತಿಕಾಯಗಳಿಗೆ ಅದರ ಗುರುತು ಸರಿಯಾಗಿ ಸಿಗಲಿಲ್ಲ. ಅದೂ ಅಲ್ಲದೆ ಕೆಲವು ತಿಂಗಳಲ್ಲಿ ಪ್ರತಿಕಾಯಗಳು ಕಡಿಮೆಯಾಗುತ್ತಾ ಬರುತ್ತವೆ.

ಆದರೆ ಕಾಫಿ ಗಿಡಕ್ಕಿಲ್ಲದ ಒಂದು ಶಕ್ತಿ ನಮಗಿದೆ. ನಮ್ಮ ರಕ್ತ ಕಲಿತದ್ದನ್ನು ನೆನಪಿಟ್ಟುಕೊಳ್ಳುತ್ತದೆ. ರಕ್ತದ ಬಿಳಿ ಕಣಗಳಲ್ಲಿ ಒಂದು ಬಗೆಯಾದ ಟಿ ಕೋಶಗಳು ವೈರಸ್ಸಿನ ಪ್ರೋಟೀನನ್ನು ಚೂರುಚೂರಾಗಿ ನೋಡಿ ಗುರುತಿಸುತ್ತವೆ. ಓಮಿಕ್ರಾನ್‌ನಲ್ಲೂ ಆ ಚೂರುಗಳಲ್ಲಿ ಬಹುಪಾಲು ಹಾಗೇ ಉಳಿದಿದ್ದವು. ಸೋಂಕು ತಗುಲಿದ ಜೀವಕೋಶಗಳನ್ನು ಟಿ ಕೋಶಗಳು ಹುಡುಕಿ ಕೊಲ್ಲುತ್ತವೆ. ನೆನಪಿನ ಬಿ ಕೋಶಗಳು ಮತ್ತೆ ಪ್ರತಿಕಾಯ ತಯಾರಿಸುತ್ತವೆ. ಇದಕ್ಕೆಲ್ಲ ಕೆಲವು ದಿನ ಬೇಕು. ಅಷ್ಟರಲ್ಲಿ ಮೂಗು, ಗಂಟಲಲ್ಲಿ ವೈರಸ್ ಬೆಳೆದು ಜ್ವರ, ಕೆಮ್ಮು ಬರಬಹುದು. ಶ್ವಾಸಕೋಶ ಉಳಿಯುವುದು ಈ ನೆನಪಿನಿಂದ.

ಗೌಡರಿಗೆ ಮೂರು ದಿನ ಜ್ವರ, ಒಂದು ವಾರ ಸುಸ್ತು. ಆಕ್ಸಿಜನ್ ಬೇಕಾಗಲಿಲ್ಲ. ಓಮಿಕ್ರಾನ್ ಅದಕ್ಕೆ ಮುಂಚಿನ ಡೆಲ್ಟಾ ತಳಿಯಷ್ಟು ಕ್ರೂರವಾಗಿರಲಿಲ್ಲ, ಒಪ್ಪುತ್ತೇನೆ. ಆದರೆ 2022ರ ಆರಂಭದಲ್ಲಿ ಹಾಂಕಾಂಗ್‌ನಲ್ಲಿ ಅದೇ ಓಮಿಕ್ರಾನ್‌ಗೆ ಸಾವಿರಾರು ವೃದ್ಧರು ತೀರಿಕೊಂಡರು. ಅವರಲ್ಲಿ ಲಸಿಕೆ ಹಾಕಿಸಿಕೊಳ್ಳದವರೇ ಜಾಸ್ತಿ. ಇದನ್ನು ನೆನೆದಾಗಲೆಲ್ಲ, 2021ರ ಮೇ ತಿಂಗಳಲ್ಲಿ ಲಸಿಕೆಯ ಸರದಿ ಬರುವ ಮೊದಲೇ ಡೆಲ್ಟಾಗೆ ಸಿಕ್ಕಿ ಉಸಿರಿಗಾಗಿ ಒದ್ದಾಡಿದ ನನ್ನ ರೋಗಿಗಳು ಕಣ್ಣ ಮುಂದೆ ಬರುತ್ತಾರೆ.

ಫ್ಲೂ ವೈರಸ್ ಕೂಡ ಹೀಗೇ ಬದಲಾಗುತ್ತಿರುತ್ತದೆ. ಅದಕ್ಕೇ ಯಾವ ತಳಿಗಳನ್ನು ಲಸಿಕೆಗೆ ಸೇರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ ಹೇಳುತ್ತದೆ. ವಯಸ್ಸಾದವರು, ಶುಗರ್, ಉಬ್ಬಸ, ಹೃದಯದ ತೊಂದರೆ ಇರುವವರು ಫ್ಲೂ ಲಸಿಕೆಯನ್ನು ವರ್ಷವರ್ಷ ಹಾಕಿಸಿಕೊಳ್ಳುವುದು ಒಳ್ಳೆಯದು. ನಮ್ಮ ಮಲೆನಾಡಿನವರಿಗೆ ಮಳೆ ಹಿಡಿಯುವ ಮೊದಲೇ ಆದರೆ ಇನ್ನೂ ಒಳ್ಳೆಯದು.

'ಹಂಗಾದ್ರೆ ಬೋರ್ಡೋ ಹೊಡಿಯೋ ಹೊತ್ತಿಗೇ ಬರ್ತೀನಿ' ಎಂದರು ಗೌಡರು. 'ನಮ್ಮನೆಯವ್ರಿಗೂ ಶುಗರ್ ಇದೆ. ಅವ್ರನ್ನೂ ಕರ್ಕೊಂಡ್ ಬರ್ತೀನಿ.'